ಚಿಯಾಂಗ್ ಮಾಯ್‌ನಲ್ಲಿ ಒಂದು ಬಿಡುವಿನ ದಿನ



ಪ್ರವಾಸದ ಕೊನೆಯ ದಿನವೆಂದರೆ ನಮ್ಮವರಲ್ಲಿ ಬಹುಮಟ್ಟಿಗೆ ಸೂಟ್‌ಕೇಸಿನ ದಿನ. ತೂಕ ಎಷ್ಟಾಯಿತು, ಮೂರನೇ ಮಹಡಿಯವರಿಗೆ ಏನು ಕೊಂಡಿಲ್ಲ, ಪಾಸ್‌ಪೋರ್ಟು ಯಾರ ಚೀಲದಲ್ಲಿದೆ ಎಂಬ ವಿಚಾರಣೆಯಲ್ಲೇ ಅದು ಮುಗಿದುಹೋಗುತ್ತದೆ. ಪಟ್ಟಿಯಲ್ಲಿ ಉಳಿದುಹೋದ ಎರಡು ಸ್ಥಳಗಳನ್ನು ಓಡೋಡಿ ನೋಡಿ, ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಬೆವರೊರೆಸುತ್ತ ವಿಮಾನ ಹತ್ತುವವರೇ ಹೆಚ್ಚು. ನಾನಂತೂ ಕೊನೆಯ ದಿನಕ್ಕೆ ಪಟ್ಟಿಯೇ ಇರಕೂಡದು ಎನ್ನುವವಳು. ನೋಡಲೇಬೇಕೆಂಬ ಹಟ ಬಿಟ್ಟ ಮೇಲೆಯೇ ಊರು ನಮ್ಮೊಡನೆ ಮಾತಿಗೆ ಇಳಿಯುವುದು.

ಕಳೆದ ಚಳಿಗಾಲದಲ್ಲಿ, ಮದುವೆಯ 30ನೇ ವರ್ಷದ ನೆಪದಲ್ಲಿ, ನಾನೂ ನಮ್ಮವರೂ ಒಂದು ವಾರ ಥಾಯ್ಲೆಂಡಿಗೆ ಹೋಗಿದ್ದೆವು. ಬ್ಯಾಂಕಾಕಿನ ಗದ್ದಲ ಎರಡೇ ದಿನಕ್ಕೆ ಸಾಕೆನಿಸಿ, ಉಳಿದ ದಿನಗಳನ್ನು ಅಲ್ಲಿಂದ ಸುಮಾರು 700 ಕಿ.ಮೀ. ಉತ್ತರದಲ್ಲಿರುವ ಚಿಯಾಂಗ್ ಮಾಯ್ ನಗರದಲ್ಲಿ ಕಳೆದೆವು. ಕೊನೆಯ ದಿನ ಭಾನುವಾರ, ವಿಮಾನ ರಾತ್ರಿಗೆ. ಇಡೀ ಹಗಲು ನಮ್ಮದು.

ನಮ್ಮವರ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಅವರು ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಅಂದರೆ ನಿಮ್ಮ ಹಾಗೆ ಎರಡನೆಯ ತಲೆಮಾರು. ತಲೆ ನರೆತಿದೆ ಎಂಬುದಷ್ಟೇ ವ್ಯತ್ಯಾಸ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ನಾನು ಧಾರವಾಡದಿಂದ ಮದುವೆಯಾಗಿ ಬಂದವಳು. ಕನ್ನಡದಲ್ಲಿ ಜಗಳವಾಡಿದರೆ ಗೆಲ್ಲುವವರು ಬಹುತೇಕ ಅವರೇ. ಓದುಬರಹದ ವಿಷಯ ಆಮೇಲೆ ಬರುತ್ತದೆ.

ಬೆಳಿಗ್ಗೆ ಆರೂವರೆಗೆ ಇನ್ನೂ ತಂಪಿರುವಾಗಲೇ ಹೊರಟೆವು. ಚಿಯಾಂಗ್ ಮಾಯ್ ಎಂದರೆ ‘ಹೊಸ ಪಟ್ಟಣ’. ನಮ್ಮ ಹೊಸಪೇಟೆ, ಹೊಸೂರುಗಳ ಹಾಗೆ. ಹೊಸತೆಂದು ಹೆಸರಿಟ್ಟು ಏಳು ಶತಮಾನ ದಾಟಿದೆ. 1296ರಲ್ಲಿ ಮಂಗರಾಯ್ ಎಂಬ ಅರಸ ಇದನ್ನು ತನ್ನ ಲನ್ನಾ ರಾಜ್ಯದ ರಾಜಧಾನಿಯಾಗಿ ಕಟ್ಟಿಸಿದ. ನಮ್ಮ ದ್ವಾರಸಮುದ್ರದಲ್ಲಿ ಮೂರನೆಯ ವೀರಬಲ್ಲಾಳ ಆಳುತ್ತಿದ್ದ ಕಾಲ ಅದು. ಅಲ್ಲಾವುದ್ದೀನ್ ಖಿಲ್ಜಿ ದೇವಗಿರಿಯ ಮೇಲೆ ದಾಳಿ ಮಾಡಿದ್ದೂ ಅದೇ ವರ್ಷ. ಲನ್ನಾ ಎಂಬ ಹೆಸರಿಗೆ ‘ಹತ್ತು ಲಕ್ಷ ಗದ್ದೆ’ ಎಂದರ್ಥ. ಹಳೆಯ ಊರು ಸುಮಾರು ಒಂದೂವರೆ ಕಿ.ಮೀ. ಉದ್ದಗಲದ ಚೌಕ; ಸುತ್ತಲೂ ನೀರು ತುಂಬಿದ ಕಂದಕ, ಮೂಲೆಗಳಲ್ಲಿ ಮುರಿದ ಇಟ್ಟಿಗೆ ಗೋಡೆಗಳು. ಕಂದಕದ ದಂಡೆಯ ಮೇಲೆ ಮರಗಳ ನೆರಳಿನಲ್ಲಿ ನಡೆಯುತ್ತ ಹೋದರೆ ಎದುರಿಗೆ ಬರಿಗಾಲಿನ ಭಿಕ್ಷುಗಳು ಸಾಲಾಗಿ ಬರುತ್ತಾರೆ. ಬೀದಿ ಬದಿಯ ಹೆಂಗಸರು ಮಂಡಿಯೂರಿ ಪಾತ್ರೆಗೆ ಅನ್ನ ಹಾಕುತ್ತಾರೆ. ಈ ಭಿಕ್ಷಾಟನೆಗೆ ಅವರು ‘ಬಿಂಥಬಾತ್’ ಎನ್ನುತ್ತಾರೆ. ಪಾಲಿಯ ‘ಪಿಂಡಪಾತ’ ಥಾಯ್ ಬಾಯಲ್ಲಿ ಹೀಗಾಗಿದೆ.

ಇಂಥ ಪದಗಳನ್ನು ಹೆಕ್ಕುವುದು ವಾರವಿಡೀ ನಮ್ಮವರ ಆಟವಾಗಿತ್ತು. ‘ಅಹಾನ್’ ಎಂದರೆ ಆಹಾರ, ‘ಫಾಸಾ’ ಎಂದರೆ ಭಾಷಾ, ‘ವೇಲಾ’ ಎಂದರೆ ವೇಳೆ, ‘ಖ್ರೂ’ ಎಂದರೆ ಗುರು, ‘ನಖೋನ್’ ಎಂದರೆ ನಗರ. ಎಲ್ಲರೂ ಕೈಮುಗಿದು ಹೇಳುವ ‘ಸವಾದ್ದೀ’ಯ ಮೂಲ ‘ಸ್ವಸ್ತಿ’. ಊರಿನ ಪಶ್ಚಿಮಕ್ಕಿರುವ ಬೆಟ್ಟದ ಹೆಸರು ‘ದೋಯಿ ಸುಥೇಪ್’. ವಾಸುದೇವನೆಂಬ ಋಷಿಯಿಂದ ಆ ಹೆಸರು ಬಂತೆಂದು ಐತಿಹ್ಯ. ಇಷ್ಟರಿಂದ ಥಾಯ್ ನಮ್ಮ ಭಾಷೆಯ ನೆಂಟ ಎಂದು ಹೇಳುವಂತಿಲ್ಲ. ಅದು ಬೇರೆಯೇ ಕುಟುಂಬದ್ದು; ಸಂಸ್ಕೃತ, ಪಾಲಿಗಳಿಂದ ನಾವೂ ಅವರೂ ಬೇರೆ ಬೇರೆಯಾಗಿ ಕಡ ತಂದಿದ್ದೇವೆ, ಅಷ್ಟೆ. ಆದರೆ ಲಿಪಿಯ ವಿಷಯದಲ್ಲಿ ನೆಂಟಸ್ತನ ನಿಜ. ಥಾಯ್ ಲಿಪಿ ಹುಟ್ಟಿದ್ದು ಖ್ಮೇರ್ ಲಿಪಿಯಿಂದ, ಖ್ಮೇರ್ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ. ನಮ್ಮದು ಕದಂಬ ಲಿಪಿಯಿಂದ ಬೆಳೆದದ್ದು. ಪಲ್ಲವ, ಕದಂಬ ಎರಡೂ ಬ್ರಾಹ್ಮಿಯ ದಕ್ಷಿಣದ ಕವಲುಗಳು. ಥಾಯ್ ಮಕ್ಕಳೂ ಕ-ವರ್ಗ, ಚ-ವರ್ಗ ಎಂಬ ಕ್ರಮದಲ್ಲೇ ಅಕ್ಷರ ಕಲಿಯುತ್ತಾರೆ; ಶ, ಷ, ಸ ಮೂರಕ್ಕೂ ಅವರಲ್ಲಿ ಬೇರೆ ಬೇರೆ ಅಕ್ಷರಗಳಿವೆ, ಉಚ್ಚಾರ ಮಾತ್ರ ಒಂದೇ.

ಹತ್ತು ಗಂಟೆಯ ಹೊತ್ತಿಗೆ ವಾಟ್ ಚೇದಿ ಲುವಾಂಗ್ ದೇವಾಲಯದ ಅಂಗಳದಲ್ಲಿ ಕುಳಿತಿದ್ದೆವು. 14ನೇ ಶತಮಾನದ ಕೊನೆಯಲ್ಲಿ ಆರಂಭಿಸಿ 15ನೇ ಶತಮಾನದಲ್ಲಿ ಮುಗಿಸಿದ ಬೃಹತ್ ಇಟ್ಟಿಗೆಯ ಸ್ತೂಪ ಇಲ್ಲಿದೆ. 1545ರ ಭೂಕಂಪದಲ್ಲಿ ಅದರ ಶಿಖರ ಉರುಳಿತು. 1990ರ ದಶಕದಲ್ಲಿ ಜೀರ್ಣೋದ್ಧಾರ ಮಾಡಿದವರು ಕೆಳಭಾಗ ಸರಿಪಡಿಸಿ, ಶಿಖರವನ್ನು ಊಹಿಸಿ ಕಟ್ಟದೆ ಹಾಗೆಯೇ ಬಿಟ್ಟರು. ಅಲ್ಲಿನ ಮರದಡಿ ಒಂದೆರಡು ಮೇಜು ಹಾಕಿಕೊಂಡು ಕಿರಿಯ ಭಿಕ್ಷುಗಳು ಪ್ರವಾಸಿಗರೊಡನೆ ಮಾತಾಡಲು ಕುಳಿತಿರುತ್ತಾರೆ. ಅವರಿಗೆ ಇಂಗ್ಲಿಷ್ ಅಭ್ಯಾಸ, ನಮಗೆ ಕುತೂಹಲ. ವ್ಯವಹಾರ ಇಬ್ಬರಿಗೂ ಲಾಭದ್ದು.

ನಮ್ಮವರು ಬೆಳಗಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಪ್ರಶ್ನೆಯೊಂದನ್ನು ಕೇಳಿದರು. ಊರಿನ ಹಲವು ದೇವಾಲಯಗಳ ಹೆಸರಿನ ಹಲಗೆಯಲ್ಲಿ ಥಾಯ್ ಸಾಲಿನ ಜೊತೆಗೆ ಇನ್ನೊಂದು ಸಾಲು ಇರುತ್ತದೆ. ದುಂಡು ದುಂಡಾದ ಅಕ್ಷರ. ದೂರದಿಂದ ನೋಡಿದರೆ ಬರ್ಮೀ ಲಿಪಿಯಂತೆ, ಇನ್ನೂ ದೂರದಿಂದ ನೋಡಿದರೆ ನಮ್ಮದರಂತೆ. ಅದು ಯಾವ ಲಿಪಿ?

“ಅದು ತುವಾ ಮುವಾಂಗ್, ನಮ್ಮ ಊರಿನ ಅಕ್ಷರ,” ಎಂದ ಹುಡುಗ ಭಿಕ್ಷು. “ನಾವು ಮನೆಯಲ್ಲಿ ಆಡುವುದು ಬ್ಯಾಂಕಾಕಿನ ಥಾಯ್ ಅಲ್ಲ, ಖಂ ಮುವಾಂಗ್. ಅದರ ಲಿಪಿ ಇದು. ನಾನು ಮಠಕ್ಕೆ ಬಂದ ಮೇಲೆ ಸ್ವಲ್ಪ ಕಲಿತೆ. ಊರಿನ ಹೆಚ್ಚಿನವರಿಗೆ ಓದಲು ಬಾರದು.”

“ಹಲಗೆ ಬರೆಸಿದವರಿಗೆ?” ಎಂದರು ಇವರು. ಹುಡುಗ ನಕ್ಕುಬಿಟ್ಟ.

ಗೆಳೆಯರೇ, ತಮ್ಮ ಊರಿನ ಹಲಗೆಯನ್ನು ಊರಿನವರೇ ಓದಲಾರದ ಸ್ಥಿತಿ ಹೇಗೆ ಬಂತು ಎಂಬ ಕಥೆ ನೀವು ಕೇಳಬೇಕಾದದ್ದು. ಅದರಲ್ಲಿ ಖಳನಾಯಕ ಎಂದು ಒಬ್ಬನನ್ನು ತೋರಿಸುವಂತಿಲ್ಲ. ಲನ್ನಾದವರಿಗೆ ಸ್ವಂತ ರಾಜ್ಯವಿತ್ತು, ಮೋನ್ ಲಿಪಿಯಿಂದ ರೂಪುಗೊಂಡ ಸ್ವಂತ ಅಕ್ಷರವಿತ್ತು. 1477ರಲ್ಲಿ ತಿಲೋಕರಾಜನ ಆಶ್ರಯದಲ್ಲಿ ಇಲ್ಲಿನ ವಾಟ್ ಚೇತ್ ಯೋತ್‌ನಲ್ಲಿ ದೊಡ್ಡ ಬೌದ್ಧ ಸಂಗೀತಿಯೇ ನಡೆಯಿತು. 1558ರಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಬರ್ಮದ ಆಳ್ವಿಕೆ. ಆಗಲೂ ಲಿಪಿ ಉಳಿಯಿತು. ಬಳಿಕ ಸಯಾಮಿನ ಸಾಮಂತರಾದಾಗಲೂ ಉಳಿಯಿತು. ಯುದ್ಧಗಳಿಗೆ ಹೋಗದ ಅಕ್ಷರ ಶಾಲೆಯ ಗಂಟೆಗೆ ಹೋಯಿತು. 1899ರಲ್ಲಿ ಈ ಪ್ರದೇಶ ಬ್ಯಾಂಕಾಕಿನ ನೇರ ಆಡಳಿತದ ಒಂದು ಪ್ರಾಂತವಾಯಿತು. 1902ರ ಸಂಘ ಕಾಯಿದೆ ದೇಶದ ಭಿಕ್ಷುಗಳನ್ನೆಲ್ಲ ಒಂದೇ ವ್ಯವಸ್ಥೆಯಡಿ ತಂದಿತು. 1921ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಪಾಠ ಥಾಯ್ ಭಾಷೆಯಲ್ಲಿ, ಥಾಯ್ ಲಿಪಿಯಲ್ಲಿ. 1939ರಿಂದ 1942ರವರೆಗೆ ಸರ್ಕಾರ ಹೊರಡಿಸಿದ ಸಾಂಸ್ಕೃತಿಕ ಆದೇಶಗಳು ದೇಶಕ್ಕೆಲ್ಲ ಒಂದೇ ಭಾಷೆ, ಒಂದೇ ರೀತಿ ಎಂದವು. ನೌಕರಿ, ಪತ್ರಿಕೆ, ಕೋರ್ಟು, ರೈಲಿನ ಟಿಕೆಟು ಎಲ್ಲವೂ ಥಾಯ್‌ನಲ್ಲಿರುವಾಗ ಯಾವ ತಂದೆ ಮಗನಿಗೆ ತುವಾ ಮುವಾಂಗ್ ಕಲಿಸಲು ಕೂರುತ್ತಾನೆ? ಮಾತು ಮನೆಯಲ್ಲಿ ಉಳಿಯಿತು. ಅಕ್ಷರ ಮಠದ ಪೆಟ್ಟಿಗೆಗಳಲ್ಲಿ, ಓಲೆಗರಿಗಳ ಮೇಲೆ ಉಳಿಯಿತು.

ಈ ಕಥೆಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡವರೂ ಇದ್ದರು. ಚಿಯಾಂಗ್ ಮಾಯ್‌ನ ರಾಜಕುಮಾರಿ ದಾರಾ ರಸ್ಮಿ 1873ರಲ್ಲಿ ಹುಟ್ಟಿದವಳು. 1886ರಲ್ಲಿ, ಹದಿಹರೆಯದಲ್ಲಿ, ಬ್ಯಾಂಕಾಕಿನ ಅರಮನೆಗೆ ಹೋಗಿ ಚೂಲಾಲೊಂಗ್‌ಕಾರ್ನ್ ದೊರೆಯ ಅಂತಃಪುರ ಸೇರಿದಳು. ಅಲ್ಲಿನ ಹೆಂಗಸರು ಕತ್ತರಿಸಿದ ಕೂದಲು, ಕಚ್ಚೆಯ ಉಡಿಗೆಯಲ್ಲಿದ್ದರೆ, ಇವಳೂ ಇವಳ ಪರಿವಾರದವರೂ ಉದ್ದ ಕೂದಲಿನ ತುರುಬು, ಉತ್ತರದ ಅಡ್ಡ ಪಟ್ಟೆಯ ಉಡಿಗೆಯನ್ನು ಬಿಡಲಿಲ್ಲ. ಪರವೂರಲ್ಲಿದ್ದೂ ತನ್ನತನ ಕಾಪಾಡಿಕೊಂಡವಳು. ಇನ್ನೊಬ್ಬರು ಖ್ರೂಬಾ ಸಿವಿಚಾಯ್ ಎಂಬ ಭಿಕ್ಷು. ಉತ್ತರದ ಹಳೆಯ ಪದ್ಧತಿಯಂತೆ ದೀಕ್ಷೆ ಕೊಟ್ಟದ್ದಕ್ಕೆ ಸಂಘದ ಅಧಿಕಾರಿಗಳೊಡನೆ ಜಟಾಪಟಿಯಾಗಿ ಹಲವು ಸಲ ನಿರ್ಬಂಧದಲ್ಲಿದ್ದವರು. ದೋಯಿ ಸುಥೇಪ್ ಬೆಟ್ಟದ ದೇವಾಲಯಕ್ಕೆ ಹೋಗುವ ಸುಮಾರು 11 ಕಿ.ಮೀ. ರಸ್ತೆಯನ್ನು 1935ರಲ್ಲಿ ಸಾವಿರಾರು ಸ್ವಯಂಸೇವಕರ ಶ್ರಮದಾನದಿಂದ ಕಡಿಸಿದವರು ಅವರೇ. ಹಿಂದಿನ ದಿನ ನಾವು ಆ ರಸ್ತೆಯಲ್ಲೇ ಕೆಂಪು ಬಣ್ಣದ ‘ಸೊಂಗ್‌ಥ್ಯಾವ್’ ಹತ್ತಿ ಹೋಗಿದ್ದೆವು. ಸೊಂಗ್‌ಥ್ಯಾವ್ ಎಂದರೆ ‘ಎರಡು ಸಾಲು’. ಎದುರುಬದುರಾಗಿ ಎರಡು ಬೆಂಚಿರುವ ಟೆಂಪೋ.

ಮಧ್ಯಾಹ್ನದ ಊಟದ ವಿಷಯ ಹೇಳದಿದ್ದರೆ ನಿಮ್ಮ ಅಮ್ಮಂದಿರು ಒಪ್ಪುವುದಿಲ್ಲ. ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳಬೇಕಿಲ್ಲ. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ 17 ಎಂಬ ಸಂಖ್ಯೆಯಂತೆ ಕಾಣುವ ಅಕ್ಷರವಿದ್ದರೆ ಅದು ‘ಜೇ’ ಅಂಗಡಿ. ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ. ಉಡುಪಿಯ ಅಜ್ಜಿಯೂ ಬೆರಳಿಡುವಂತಿಲ್ಲ! ಅಲ್ಲಿ ‘ಖಾವ್ ಸೋಯ್’ ತಿಂದೆವು. ತೆಂಗಿನ ಹಾಲಿನ ಮೇಲೋಗರದಲ್ಲಿ ಮೆತ್ತನೆಯ ಶ್ಯಾವಿಗೆ, ಮೇಲೆ ಗರಿಗರಿಯಾಗಿ ಕರಿದ ಶ್ಯಾವಿಗೆ, ಪಕ್ಕದಲ್ಲಿ ಉಪ್ಪಿನ ಸೊಪ್ಪು, ನಿಂಬೆಹೋಳು. ರುಚಿಯಾಗಿದೆ ಎನ್ನಲು ಪ್ರವಾಸಿಗರೆಲ್ಲ ‘ಅರೋಯ್’ ಎನ್ನುತ್ತಾರೆ. ಅದು ಬ್ಯಾಂಕಾಕಿನ ಮಾತು. ಉತ್ತರದವರು ‘ಲಂ’ ಎನ್ನುತ್ತಾರೆಂದು ಆ ಭಿಕ್ಷು ಹೇಳಿಕೊಟ್ಟಿದ್ದ. ಅಂಗಡಿಯ ಅಜ್ಜಿಗೆ ನಾನು “ಲಂ ತೇ ತೇ” ಎಂದಾಗ, ಆಕೆ ಒಳಗಿದ್ದ ಮಗಳನ್ನು ಕೂಗಿ ಕರೆದು, ನನ್ನ ಕೈಲಿ ಇನ್ನೊಮ್ಮೆ ಹೇಳಿಸಿದಳು. ಬೆಂಗಳೂರಿನ ಕನ್ನಡ ಕಲಿತ ಪರದೇಶಿಯೊಬ್ಬ ಧಾರವಾಡದಲ್ಲಿ “ಭಾಳ ಛಲೋ ಐತ್ರಿ” ಎಂದರೆ ನಮಗೆ ಹೇಗಾದೀತು, ಹಾಗೆ.

ಊಟದ ಮೇಲೆ ಏನೂ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ವಸತಿಗೃಹದ ಜಗುಲಿಯಲ್ಲಿ ಕಾಲು ಚಾಚಿ ಕುಳಿತೆವು. ಇವರು ನಿದ್ದೆ ಹೋದರು. ನಾನು ಎದುರು ಮನೆಯ ಬೆಕ್ಕು ಗೋಡೆ ಹತ್ತುವುದನ್ನೂ ಇಳಿಯುವುದನ್ನೂ ನೋಡಿದೆ. ಮೂವತ್ತು ವರ್ಷದಲ್ಲಿ ಲೋಕಲ್ ರೈಲಿನ ಗಡಿಯಾರವಿಲ್ಲದೆ ಇಬ್ಬರೂ ಜೊತೆಯಲ್ಲಿ ಸುಮ್ಮನೆ ಕುಳಿತ ಮಧ್ಯಾಹ್ನಗಳು ಬೆರಳೆಣಿಕೆಯವು.

ಭಾನುವಾರ ಸಂಜೆ ಹಳೆಯ ಊರಿನ ನಡುವಿನ ರಾಚದಮ್ನೋಯೆನ್ ರಸ್ತೆಯಲ್ಲಿ ವಾಹನಗಳನ್ನು ನಿಲ್ಲಿಸಿ ಸಂತೆ ಹಾಕುತ್ತಾರೆ. ಥಾಫೇ ಬಾಗಿಲಿನಿಂದ ವಾಟ್ ಫ್ರಾ ಸಿಂಗ್ ದೇವಾಲಯದತ್ತ ಜನವೋ ಜನ. ಕೊಡೆ, ಮರದ ಕಪ್ಪೆ, ಬೆಳ್ಳಿಯ ಒಡವೆ, ಕೈಮಗ್ಗದ ಬಟ್ಟೆ. ಸರಿಯಾಗಿ ಆರು ಗಂಟೆಗೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಮೊಳಗಿತು. ಇಡೀ ಬೀದಿ ಇದ್ದಲ್ಲೇ ನಿಂತುಬಿಟ್ಟಿತು. ಚೌಕಾಸಿ ಅರ್ಧಕ್ಕೆ, ಬಾಣಲೆಯ ಸೌಟು ಅರ್ಧಕ್ಕೆ. ಮುಗಿದೊಡನೆ ಬಿಟ್ಟಲ್ಲಿಂದ ಮತ್ತೆ ಶುರು.

ಒಂದು ಅಂಗಡಿಯ ಮುಂದೆ ಕಾಲೇಜು ವಯಸ್ಸಿನ ಹುಡುಗಿಯೊಬ್ಬಳು ಮರದ ತೊಗಟೆಯ ಕಾಗದದ ಮೇಲೆ ಕುಂಚದಿಂದ ಗಿರಾಕಿಗಳ ಹೆಸರು ಬರೆದುಕೊಡುತ್ತಿದ್ದಳು, ತುವಾ ಮುವಾಂಗ್ ಅಕ್ಷರದಲ್ಲಿ. ಎಲ್ಲಿ ಕಲಿತೆ ಎಂದು ಕೇಳಿದೆ. ಮನೆಯ ಹತ್ತಿರದ ದೇವಾಲಯದಲ್ಲಿ ವಾರಕ್ಕೊಮ್ಮೆ ಹಿರಿಯ ಭಿಕ್ಷುವೊಬ್ಬರು ಹೇಳಿಕೊಡುತ್ತಾರಂತೆ. ಅವಳ ಅಮ್ಮನಿಗೂ ಬಾರದು, ಅಪ್ಪನಿಗೂ ಬಾರದು. ಮುತ್ತಜ್ಜ ನಾಟಿ ವೈದ್ಯರಾಗಿದ್ದರಂತೆ. ಅವರು ಬರೆದಿಟ್ಟ ಔಷಧಿಯ ಪುಸ್ತಕ ಮನೆಯಲ್ಲಿತ್ತು. “ದೇವರ ಮುಂದೆ ಇಟ್ಟು ಪೂಜೆ ಮಾಡುತ್ತಿದ್ದೆವು. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ನಾನು ಓದುತ್ತೇನೆ, ಅಮ್ಮ ಕೇಳುತ್ತಾಳೆ,” ಎಂದಳು.

ನಮ್ಮಿಬ್ಬರ ಹೆಸರನ್ನೂ ಬರೆದುಕೊಟ್ಟಳು. ಆಮೇಲೆ ಒಂದು ದಪ್ಪ ನೋಟ್‌ಬುಕ್ಕು ತೆಗೆದು ನಮ್ಮವರ ಮುಂದಿಟ್ಟಳು. ಬಂದವರೆಲ್ಲ ಅದರಲ್ಲಿ ತಮ್ಮ ಭಾಷೆಯ ಅಕ್ಷರದಲ್ಲಿ ಹೆಸರು ಬರೆಯಬೇಕು. ಅದು ಅವಳ ಸಂಗ್ರಹ. ಜಪಾನೀ, ಕೊರಿಯನ್, ಅರಬ್ಬೀ, ರಷ್ಯನ್ ಅಕ್ಷರಗಳೆಲ್ಲ ಇದ್ದವು. “ನಿಮ್ಮ ಭಾಷೆ ಯಾವುದು?” ಎಂದಳು. “ಕನ್ನಡ,” ಎಂದರು ಇವರು, ಸ್ವಲ್ಪ ಹೆಮ್ಮೆಯಿಂದಲೇ. ಅವಳು ಅದನ್ನು ಥಾಯ್‌ನಲ್ಲಿ ಗುರುತು ಹಾಕಿಕೊಂಡು ಪೆನ್ನು ಕೊಟ್ಟಳು.

ಪೆನ್ನು ಕೈಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಇವರು ತಮ್ಮ ಹೆಸರನ್ನು ದೇವನಾಗರಿಯಲ್ಲಿ ಬರೆದರು.

ಅವಳಿಗೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ತುಂಬ ಚೆನ್ನಾಗಿದೆ ಎಂದು ಕೈಮುಗಿದಳು. ತಿಳಿದದ್ದು ನಮ್ಮಿಬ್ಬರಿಗೆ ಮಾತ್ರ. ನಾನು ಏನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಬೀದಿಯ ಕೊನೆಯವರೆಗೂ ಹಾಗೆಯೇ ನಡೆದೆವು.

ನೀವು ಇದನ್ನು ಓದಿ ಅವರನ್ನು ದೂರಬೇಡಿ. ಇಂಗ್ಲಿಷ್ ಶಾಲೆ, ಜೊತೆಗೆ ಹಿಂದಿ, ಮರಾಠಿ. ಕನ್ನಡ ಕಲಿಸುವವರು ಯಾರು? ತಂದೆತಾಯಿಗಳು ಹೊಟ್ಟೆಪಾಡಿಗೆ ಓಡುತ್ತಿದ್ದರು. ಮಾತು ಉಳಿದದ್ದೇ ದೊಡ್ಡದು. ಆದರೂ ನಮ್ಮ ಮನೆಯಲ್ಲಿ ಒಂದು ಪುಸ್ತಕವಿದೆ. ನನ್ನ ಅತ್ತೆಯವರು ನಲವತ್ತು ವರ್ಷ ಬರೆದದ್ದು. ಅದರಲ್ಲಿ ಹಾಲಿನ ಲೆಕ್ಕ, ಹಬ್ಬದ ಅಡುಗೆಯ ಅಳತೆ, ಮಕ್ಕಳಿಗೆ ಜ್ವರ ಬಂದ ದಿನಗಳು, ಊರಿನ ನೆನಪು, ನಡುನಡುವೆ ಯಾರ ಮೇಲೋ ಸಿಟ್ಟು, ಎಲ್ಲವೂ ಇವೆ. ಅವರು ತೀರಿಕೊಂಡ ಮೇಲೆ ಭಾನುವಾರಗಳಂದು ನಾನು ಅದನ್ನು ಓದುತ್ತೇನೆ, ಮಗ ಕೇಳುತ್ತಾರೆ. ಅಮ್ಮನ ಮಾತನ್ನು ಹೆಂಡತಿಯ ದನಿಯಲ್ಲಿ. ಇನ್ನೊಬ್ಬರ ಕೈಲಿ ಓದಿಸಿಕೊಳ್ಳುವವರಿಗೆ ಒಂದು ತೊಂದರೆಯಿದೆ: ಓದುವವರು ಯಾವ ಸಾಲು ಹಾರಿಸಿದರೆಂದು ಗೊತ್ತಾಗುವುದಿಲ್ಲ. ಸೊಸೆಯ ಬಗ್ಗೆ ಅತ್ತೆ ಏನು ಬರೆದಿದ್ದಾರೆ ಎಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ.

ಲನ್ನಾದವರಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವರ ಅಕ್ಷರಕ್ಕೆ ಸ್ವಂತ ರಾಜ್ಯ ಉಳಿಯಲಿಲ್ಲ, ದಿನಪತ್ರಿಕೆಯಿಲ್ಲ. ಕಂಪ್ಯೂಟರಿನ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಸೇರಿತು. ಅವರ ಲಿಪಿ ಸೇರಲು 2009ರವರೆಗೆ, 18 ವರ್ಷ, ಕಾಯಬೇಕಾಯಿತು. ಕನ್ನಡ ಲಿಪಿ ಕರ್ನಾಟಕದಲ್ಲಿ ಕ್ಷೇಮವಾಗಿದೆ, ಅದನ್ನು ಉಳಿಸಿ ಎಂದು ನಾನು ನಿಮ್ಮ ಮೇಲೆ ಭಾರ ಹೊರಿಸುತ್ತಿಲ್ಲ. ಹೋಗುವುದು ನಿಮ್ಮ ಮನೆಯ ಪೆಟ್ಟಿಗೆಯ ಕಾಗದಗಳು ಮಾತ್ರ. ಅವನ್ನು ಬೆಂಗಳೂರಿನವರು ಬಂದು ಓದಿಕೊಡುವುದಿಲ್ಲ.

ಮತ್ತು ಕೆಲಸ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮುಂಬಯಿ, ಪುಣೆ, ದೆಹಲಿಯವರಿಗೆ ದೇವನಾಗರಿ ಬರುತ್ತದೆ. ಕ್ರಮವೆಲ್ಲ ಅದೇ, ಆಕಾರವಷ್ಟೇ ಹೊಸತು. ಹೈದರಾಬಾದಿನವರಿಗೆ ಇನ್ನೂ ಸುಲಭ. ತೆಲುಗು, ಕನ್ನಡ ಎರಡೂ ಒಂದೇ ಲಿಪಿಯಿಂದ ಒಡೆದ ಅಕ್ಕತಂಗಿಯರು, ತಲೆಕಟ್ಟು ಬೇರೆ, ಮುಖ ಒಂದೇ. ಚೆನ್ನೈಯವರಿಗೆ ಮಹಾಪ್ರಾಣಗಳನ್ನು ಹೊಸದಾಗಿ ಕಲಿಯಬೇಕು. ಆದರೆ ಎ-ಏ, ಒ-ಓಗಳ ವ್ಯತ್ಯಾಸ ತಮಿಳಿನಿಂದಲೇ ಬಂದಿರುತ್ತದೆ. ಒಟ್ಟು 49 ಅಕ್ಷರ. ದಿನಕ್ಕೆ ಎರಡರಂತೆ ಕಲಿತರೆ ಒಂದು ತಿಂಗಳು ಬೇಡ. ಕಾಗುಣಿತ, ಒತ್ತಕ್ಷರಕ್ಕೆ ಇನ್ನೊಂದು ತಿಂಗಳಿಡಿ. ಫೋನಿನಲ್ಲಿ ಕನ್ನಡದ ಕೀಲಿಮಣೆ ಪುಕ್ಕಟೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಸಾಲದೇ ಎನ್ನುವವರು ಬೆಲೆ, ಬೆಳೆ, ಬೇಳೆ ಎಂಬ ಮೂರು ಪದಗಳನ್ನು ಹಾಗೆ ಬರೆದು ಅಮ್ಮನಿಗೆ ಕಳಿಸಿ, ಅಂಗಡಿಯಿಂದ ಏನು ತರುತ್ತಾರೆ ನೋಡಿ.

ನಮ್ಮವರು ಈಗ ಒತ್ತಕ್ಷರಕ್ಕೆ ಬಂದಿದ್ದಾರೆ. ಅವರ ಹೆಸರಿನಲ್ಲೇ ಒಂದು ಒತ್ತಕ್ಷರವಿದೆ, ಆದ್ದರಿಂದ ಆಸಕ್ತಿ ಹೆಚ್ಚು. ಅತ್ತೆಯವರ ಪುಸ್ತಕದ ಹಾಲಿನ ಲೆಕ್ಕದ ಪುಟಗಳನ್ನು ಬೆರಳಿಟ್ಟು ಓದುತ್ತಾರೆ.

ಈ ಅಂಕಣವನ್ನು ಅಮ್ಮನ ಕೈಲೋ ಅಜ್ಜನ ಕೈಲೋ ಓದಿಸಿ ಕೇಳುತ್ತಿರುವವರು ನಿಮ್ಮಲ್ಲಿ ಹಲವರಿದ್ದೀರಿ ಎಂದು ನನಗೆ ಗೊತ್ತು. ಅವರು ಓದಿ ಮುಗಿಸಿದೊಡನೆ ಪತ್ರಿಕೆಯನ್ನು ಅವರ ಕೈಯಿಂದ ತೆಗೆದುಕೊಳ್ಳಿ. ಮೇಲಿನ ಶೀರ್ಷಿಕೆಯಲ್ಲಿ ಐದು ಪದಗಳಿವೆ. ಮೂರನೆಯದು ‘ಒಂದು’. ಅಲ್ಲಿಂದ ಆರಂಭಿಸಿ.